ಸೀಲು ಸಾಕು ಸಾರ್

ಹೆಬ್ಬೆರಳಿಗೆ ನೇರಳೆ ಶಾಯಿ ಮೆತ್ತಿದೆ, ದುಪಟ್ಟಾಕ್ಕೆ ಎಷ್ಟು ಒರೆಸಿದರೂ ಹೋಗದು, ತುಮಕೂರಿಗೆ ಹೊರಟ ಬಸ್ಸು ಹೆಬ್ಬೂರಿಗೆ ಬಂತೋ ಇನ್ನೂ ಬರಬೇಕೋ ಭೂಮಿಕಾಗೆ ತಿಳಿಯುತ್ತಿಲ್ಲ, ಕುಣಿಗಲ್ಲಿನ ಬೀಜದಂಗಡಿಯ ಚಿಕ್ಕಬೀರಯ್ಯ ನಿಜವಾಗಿ ಏನಂದರು — ಬಿಲ್ ಹಾಕೋಕೆ ಒಬ್ರು ಬೇಕಿತ್ತು ಕಣಮ್ಮ, ಇವತ್ತಿಂದ್ಲೇ ಇರು, ಬಾ ಕೂತ್ಕೊ — ಅನ್ನುತ್ತ ಹೆಗಲ ಟವೆಲಿನಿಂದ ಕುರ್ಚಿ ಒರೆಸಿದರು, ಇವಳೇನಂದಳು, ಬೇಡ ಸಾರ್, ಸೀಲ್ ಒಂದು ಹೊಡ್ಕೊಡಿ ಸಾಕು. ಅಯ್ಯೋ ಶಿವನೇ, ಅಂದೇಬಿಟ್ಟಳಲ್ಲ, ಎಲುಬಿಲ್ಲದ ನಾಲಿಗೆ ಅಂತ ಅಮ್ಮ ಬಯ್ಯುವುದು ಸುಳ್ಳಲ್ಲ. ತುಮಕೂರಿನ ಉದ್ಯೋಗ ನೆರವು ಕೇಂದ್ರದ ಅಂಜನ್‌ಕುಮಾರ್ ಸರ್ ಕೆಟ್ಟವರೇನಲ್ಲ, ಬಿ.ಕಾಂ. ಮುಗಿಸಿ ಗುಬ್ಬಿಯ ಮನೆಯಲ್ಲಿ ಗೋಡೆ ನೋಡುತ್ತ ಮಲಗಿದ್ದವಳನ್ನು ಎಬ್ಬಿಸಿದ್ದು ಅವರ ಫೋನೇ, ಈ ವಾರ ಎಲ್ಲೆಲ್ ಕೆಲಸ ಕೇಳ್ದೆ, ಹೋದ್ ಕಡೆ ಎಲ್ಲಾ ಕಾರ್ಡಿಗೆ ಸೀಲ್ ಹಾಕಿಸ್ಕೊಂಡ್ ಬಾರಮ್ಮ, ಇಲ್ದಿದ್ರೆ ಮೇಲಿನೋರು ನಿರುದ್ಯೋಗ ಭತ್ಯೆ ನಿಲ್ಲಿಸ್ತಾರೆ — ಮೊದಮೊದಲು ಕೆಲಸವನ್ನೇ ಕೇಳುತ್ತಿದ್ದಳು, ಇಲ್ಲ ಅನ್ನಿಸಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತಿದ್ದಳು, ಆಮೇಲೆ ಬರೀ ಸೀಲು ಕೇಳುವುದು ರೂಢಿಯಾಯಿತು, ಕೆಲಸ ಕೊಡದವರೇ ಧಾರಾಳವಾಗಿ ಒತ್ತುತ್ತಾರೆ, ಕ್ಯಾತ್ಸಂದ್ರದ ಹೋಟೆಲಿನವರಂತೂ ಇವಳ ಮುಖ ಕಂಡರೆ ಸೀಲಿನ ಡ್ರಾಯರ್ ಎಳೆಯುತ್ತಾರೆ, ಅಂಜನ್‌ಕುಮಾರ್ ಶಹಬ್ಬಾಸ್ ಅನ್ನುತ್ತಾರೆ, ಹಿತವಾಗುತ್ತದೆ, ನಾಚಿಕೆಯೂ ಆಗುತ್ತದೆ. ಅವರು ಬೆನ್ನು ಹತ್ತದಿದ್ದರೆ ಕುಣಿಗಲ್ಲಿಗೆ ಹೋಗುತ್ತಲೇ ಇರಲಿಲ್ಲ, ಬೆನ್ನು ಹತ್ತಿದ್ದಕ್ಕೇ ಅಲ್ಲವೇ ಸಿಕ್ಕ ಕೆಲಸ ಬಿಟ್ಟು ಸೀಲು ಹಿಡಿದು ಬಂದದ್ದು, ಈಗ ಯಾರನ್ನು ಬಯ್ಯಬೇಕು, ಆ ಕುರ್ಚಿಯ ಒಂದು ಕೈ ಮುರಿದಿತ್ತು, ತಂತಿ ಸುತ್ತಿದ್ದರು, ಅದನ್ನೂ ಒರೆಸಿದರು.

ಫೋನು, ಅವರೇ. ಸೀಲ್ ಸಿಕ್ತೇನಮ್ಮ? ಸಿಕ್ತು ಸಾರ್. ವೆರಿ ಗುಡ್, ಹಿಂಗೇ ಟ್ರೈ ಮಾಡ್ತಿರು, ಒಂದಲ್ಲ ಒಂದಿನ ಆಗೇ ಆಗುತ್ತೆ — ಆಗಿತ್ತು ಸಾರ್ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟರು. ಹೆಬ್ಬೂರ್ ಹೆಬ್ಬೂರ್, ಇಳಿಯೋರು ಬೇಗ ಇಳೀರಿ, ಕಂಡಕ್ಟರ್ ಕೂಗುತ್ತಿದ್ದಾನೆ, ಇಳಿದು ಎದುರಿನ ಬಸ್ಸು ಹಿಡಿದರೆ ಸಂಜೆಯೊಳಗೆ ಕುಣಿಗಲ್, ಆದರೆ ಬೇಡ ಅಂದವಳೇ ಬಂದಳು ಅಂತ ನಕ್ಕರೆ, ಅಷ್ಟರಲ್ಲಿ ಇನ್ಯಾರನ್ನೋ ಕೂರಿಸಿದ್ದರೆ, ಎದ್ದಳು, ಕೂತಳು, ಮತ್ತೆ ಎದ್ದಳು, ಕಿಟಕಿ ಪಕ್ಕದ ಅಜ್ಜಿ ರೇಗಿತು, ಇಳೀತೀಯೋ ಕೂತ್ಕತೀಯೋ ಒಂದ್ ಹೇಳವ್ವ, ದಾರಿ ಬಿಡು, ನಾನು ಇಳೀಬೇಕು — ಕಂಬಿ ಹಿಡಿದು ನಿಂತಿದ್ದಾಳೆ, ಹೇಳಬೇಕು, ಈಗಲೇ ಹೇಳಬೇಕು, ಕಣ್ಣಮುಂದೆ ಕುರ್ಚಿ, ಮುರಿದ ಕೈಯ ಕುರ್ಚಿ, ತನಗೆಂದೇ ಒರೆಸಿದ್ದ ಕುರ್ಚಿ