ಎರಡು ಚುಕ್ಕಿಯ ರಾಡು

“ಆಯಿಲ್ ಬದಲಾಯ್ಸೋಕೂ ನಾಲ್ಕಕ್ಷರ ಬೇಕು ಕೆಂಚಣ್ಣ! ಎಂಟನೇ ಕ್ಲಾಸಿಗೆ ಚೀಲ ಬಿಸಾಕಿ ಬಂದೋನ ಕೈಗೆ ಇಂಜಿನ್ ಕೊಟ್ರೆ ಇದೇ ಗತಿ. ಲೇ ಶಿವು, ಡಬ್ಬಿ ಮೇಲೆ ಏನ್ ಬರ್ದೈತೆ ಅಂತನಾದ್ರೂ ಓದಿದ್ಯೇನಲೇ?”

ಹೊಳಲ್ಕೆರೆಯ ಟೀ ಅಂಗಡಿ ಮುಂದೆ, ಹತ್ತು ಜನರ ನಡುವೆ ಚೇತನ್‌ಕುಮಾರ್ ಹೀಗಂದ. ಎಲ್ಲರೂ ನಕ್ಕರು. ಎದುರು ಸಾಲಿನ ಗ್ಯಾರೇಜು ಅವನದು. ಡಿಪ್ಲೊಮಾ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ. ನಾನು ಈಚೆ ಕಡೆ ಜಂಬಣ್ಣನ ಗ್ಯಾರೇಜಿನವನು. ತಾಳ್ಯದ ಕೆಂಚಣ್ಣನ ಬಾಡಿಗೆ ಕಾರಿಗೆ ಹೋದ ವಾರ ಆಯಿಲ್ ಬದಲಾಯಿಸಿದ್ದು ನಾನೇ. ಇವತ್ತು ಸಿರಿಗೆರೆ ದಾರಿಯಲ್ಲಿ ಅದರ ಇಂಜಿನ್ ಕಟಕಟ ಬಡಿದು, ತಿರುಗದೆ ಹಿಡಿದುಕೊಂಡಿತ್ತು. ಹಗ್ಗ ಕಟ್ಟಿ ಎಳೆದು ತಂದಿದ್ದರು.

ಕೈಲಿದ್ದ ಸ್ಪ್ಯಾನರನ್ನು ಬೀಸಿ ಒಗೆಯುವಷ್ಟು ಸಿಟ್ಟು ಬಂತು. ಒಗೆಯಲಿಲ್ಲ. ಆಯಿಲ್ ಕಡ್ಡಿ ಎಳೆದು ತೋರಿಸಿದೆ. ಆಯಿಲ್ ಗುರುತಿನವರೆಗೆ ಇತ್ತು. ಆದರೆ ಅದರೊಳಗೆ ಲೋಹದ ಪುಡಿ ಮಿಂಚುತ್ತಿತ್ತು.

“ಬೇರಿಂಗ್ ಹೋಗೈತೆ,” ಅಂದ ಜಂಬಣ್ಣ. “ಶಿವು, ನೀನೇ ಬಿಚ್ಚು, ನೀನೇ ಕಟ್ಟು. ನಾನು ಕೈ ಹಾಕಲ್ಲ. ಕಟ್ಟಿದ್ಮೇಲೆ ಸದ್ದು ಬಂತೋ, ಸ್ಪ್ಯಾನರ್ ಇಟ್ಟು ಕೂಲಿಗೆ ಹೋಗು.”

ಅಲ್ಲಿಯವರೆಗೆ ಒಂದು ಇಂಜಿನ್ನನ್ನೂ ನಾನೊಬ್ಬನೇ ಕಟ್ಟಿರಲಿಲ್ಲ.

ಪಿಸ್ಟನ್ನಿನ ರಾಡು, ಇಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕನ್ನು ತಬ್ಬುವ ಜಾಗದಲ್ಲಿ ಅರ್ಧ ಬಳೆಯಂಥ ಎರಡು ಬೇರಿಂಗ್ ಇರುತ್ತವೆ. ಎರಡನೇ ರಾಡಿನಲ್ಲಿ ಅವು ತಿರುಗಿ, ಸುಟ್ಟು, ಹಪ್ಪಳದಷ್ಟು ತೆಳ್ಳಗಾಗಿದ್ದವು. ಕ್ರ್ಯಾಂಕಿನ ಮೇಲೆ ಉಗುರೆಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ರಾಡಿನ ಕೆಳಗೆ ಬೋಲ್ಟು ಹಾಕಿ ಮುಚ್ಚುವ ಕ್ಯಾಪುಗಳನ್ನು ಡೀಸೆಲ್ಲಿನಲ್ಲಿ ತೊಳೆದೆ. ರಾಡೂ ಕ್ಯಾಪೂ ಜೊತೆಯಲ್ಲೇ ಕೊರೆದ ಜೋಡಿ; ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರದು. ಅದಕ್ಕೇ ಬಿಚ್ಚುವಾಗ ಮೊದಲ ಜೋಡಿಗೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು, ಹೀಗೆ ಹೊಡೆದಿಡುತ್ತೇವೆ. ಇಲ್ಲಿ ಎರಡು ಚುಕ್ಕಿಯ ರಾಡಿಗೆ ಮೂರು ಚುಕ್ಕಿಯ ಕ್ಯಾಪು. ಮೂರರದಕ್ಕೆ ಎರಡರದು.

“ಹಿಂದೆ ಇದನ್ನ ಯಾರತ್ರ ಕಟ್ಟಿಸಿದ್ರಿ ಕೆಂಚಣ್ಣ?”

“ಚೇತನ್‌ಕುಮಾರೇ ಕಣಪ್ಪ. ಯುಗಾದಿಗೆ ಮುಂಚೆ.”

ಜಂಬಣ್ಣ ಬಗ್ಗಿ ಚುಕ್ಕಿ ಎಣಿಸಿದ. “ಇವನ ಟೋಪಿ ಅವಂಗೆ, ಅವನ ಟೋಪಿ ಇವಂಗೆ. ಒಟ್ನಲ್ಲಿ ಟೋಪಿ ಬಿದ್ದಿದ್ದು ನಿಂಗೆ ಕೆಂಚಣ್ಣ!”

ಕೆಂಚಣ್ಣ ನಗಲಿಲ್ಲ. “ಅವ್ನ ಕತೆ ಆಮೇಲೆ. ಮೊದ್ಲು ಓಡೋ ಹಂಗೆ ಮಾಡಪ್ಪ.”

ದುರ್ಗಕ್ಕೆ ಒಯ್ದು, ಗೀರು ಹೋಗುವಷ್ಟು ಸವೆಸಿ ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿದೆ. ಇಳಿದ ಸೈಜಿಗೆ ತಕ್ಕ ಬೇರಿಂಗ್, ಕ್ಯಾಪಿನ ಸಮೇತ ಎರಡು ಹೊಸ ರಾಡು ತಂದೆ. ಗ್ರೈಂಡಿಂಗ್ ಮಾಡಿದ ಲೇತಿನವನ ಮಾತು ನಂಬದೆ ಮೈಕ್ರೋಮೀಟರ್ ಹಿಡಿದು ಒಂದೊಂದು ಜಾಗವನ್ನೂ ನಾಲ್ಕು ಸಲ ಅಳೆದೆ. ಶಾಲೆಯಲ್ಲಿ ದಶಮಾಂಶ ಬರುವುದಿಲ್ಲವೆಂದು ಬೆಂಚಿನ ಮೇಲೆ ನಿಂತವನು ನಾನು. ಈಗ ಕೂದಲೆಳೆಯಲ್ಲಿ ಕಾಲುಭಾಗ ಹೆಚ್ಚುಕಮ್ಮಿಯಾದರೂ ಓದಿ ಹೇಳುತ್ತೇನೆ, ಯಾರಾದರೂ ಬಂದು ಕೇಳಲಿ! ಆಯಿಲ್ ಹರಿಯುವ ತೂತುಗಳಿಗೆ ತಂತಿ ಹಾಕಿ ತೊಳೆದೆ, ಗಾಳಿ ಹೊಡೆದೆ, ಮತ್ತೆ ತೊಳೆದೆ.

“ಸಾಕು ಬಿಡಲೇ, ಅದನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರೇನು?” ಅಂದ ಜಂಬಣ್ಣ.

ಒರೆಸಿ ನೋಡಿದ ಬಿಳಿ ಬಟ್ಟೆಯಲ್ಲಿ ಲೋಹದ ಇನ್ನೂ ಒಂದು ಮಿಂಚು ಇತ್ತು. ಅದೂ ಹೋಗುವವರೆಗೆ ತೊಳೆದೆ. ಹೊಸ ಜೋಡಿಗಳಿಗೂ ಚುಕ್ಕಿ ಹೊಡೆದು, ಬೇರಿಂಗಿಗೆ ಆಯಿಲ್ ಸವರಿ, ಚುಕ್ಕಿಗೆ ಚುಕ್ಕಿ ಹೊಂದಿಸಿ ಬೋಲ್ಟು ಬಿಗಿದೆ. ಬಿಗಿದ ಮೇಲೂ ಕ್ರ್ಯಾಂಕ್ ಒಂದೇ ಕೈಗೆ ನಯವಾಗಿ ತಿರುಗಿತು.

ಆರನೇ ದಿನ ಬೆಳಿಗ್ಗೆ ಕೆಂಚಣ್ಣ ಊದುಬತ್ತಿ ಹಚ್ಚಿದ. ಆಯಿಲ್ ಎಲ್ಲ ಕಡೆ ಹರಿದು ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ಇಂಜಿನ್ನನ್ನು ಹೊತ್ತಿಸದೆ ಬರೀ ತಿರುಗಿಸಿದೆ. ಆಮೇಲೆ ಸ್ಟಾರ್ಟ್ ಮಾಡಿದೆ. ದುರ್ಗದವರೆಗೆ ನಿಧಾನಕ್ಕೆ ಓಡಿಸಿ, ಚಂದ್ರವಳ್ಳಿ ಕಡೆ ಒಂದು ಸುತ್ತು ಹಾಕಿ ಬಂದು, ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಇಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿದೆ.

ಜಂಬಣ್ಣ ಉದ್ದ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಆನಿಸಿ, ಹಿಡಿಗೆ ಕಿವಿಯಿಟ್ಟ. ಜಾಗ ಬದಲಿಸಿ ಬದಲಿಸಿ ಕೇಳಿದ.

“ಇನ್ಮೇಲೆ ಇಂಜಿನ್ ಕೆಲ್ಸ ಎಲ್ಲ ನಿಂದೇ ಕಣೋ. ನಂಗೂ ಸೊಂಟ ನೋವು,” ಎಲ್ಲರಿಗೂ ಕೇಳುವಂತೆ ಅಂದ.

ಚೇತನ್‌ಕುಮಾರ್ ರಸ್ತೆ ದಾಟಿ ಬಂದು ಇಣುಕಿದ. ಕೆಂಚಣ್ಣ ಕಾಯುತ್ತಿದ್ದವನಂತೆ ಕೇಳಿದ: “ಮೂರರವರ್ಗೆ ಎಣಿಸೋಕೆ ಎಷ್ಟನೇ ಕ್ಲಾಸ್ ಓದ್ಬೇಕು ಚೇತನ್?”

ಟೀ ಕುಡಿಯುತ್ತಿದ್ದವರು ಗೊಳ್ಳೆಂದರು. ಚೇತನ್‌ಕುಮಾರ್ ಅವರತ್ತ ನೋಡಲಿಲ್ಲ. ಇಂಜಿನ್ನಿಗೇ ಕಿವಿಗೊಟ್ಟು ನಿಂತಿದ್ದವನು ಸಣ್ಣ ದನಿಯಲ್ಲಿ ನನ್ನನ್ನು ಕೇಳಿದ:

“ಕ್ರ್ಯಾಂಕ್ ಎಷ್ಟು ಸೈಜಿಗೆ ಇಳಿಸಿದ್ರಿ?”

‘ಲೇ’ ಹೋಗಿ ‘ರಿ’ ಬಂದಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, “ಬೇರಿಂಗ್ ಡಬ್ಬಿ ಮೇಲೆ ಬರ್ದೈತೆ, ಓದ್ಕೊಳ್ಳಿ,” ಅಂದು ಗ್ಯಾರೇಜಿನ ಕಡೆ ನಡೆದೆ.