ಅಪ್ಪ ಒಪ್ಪಿದ ನಾವೆ

ಬೈಬಲಿನ ಕಥೆಗಳನ್ನು ನಗೆಚಿತ್ರಗಳಲ್ಲಿ ಹೇಳುವ ಪುಸ್ತಕಕ್ಕೆ ಮಗಳು ನೋಹನ ನಾವೆಯನ್ನು ಬರೆದು ಮುಗಿಸಿದ್ದಳು. ಪ್ರಕಾಶಕರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆದರೆ ಅವಳಿಗೆ ಬೇಕಿದ್ದದ್ದು ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು. ನಲವತ್ತು ವರ್ಷದಿಂದ ಬಡಗಿ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಚಿತ್ರ ಬರೆಯುವುದು ಕೆಲಸವೇ ಅಲ್ಲ.

ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. ಚಿತ್ರದಲ್ಲಿ ಏಣಿ ಹತ್ತುವುದಿಲ್ಲವೆಂದು ಹಟ ಹಿಡಿದ ಆನೆಯನ್ನು ನೋಹ ಹಿಂದಿನಿಂದ ತಳ್ಳುತ್ತಿದ್ದ, ಅವನ ಹೆಂಡತಿ, "ಮೋಡ ಕಟ್ಟಿಯಾಯ್ತು ಕಣ್ರೀ, ನಿಮ್ಮ ಕೆಲಸ ಮಾತ್ರ ಮುಗಿಯೋ ಹಾಗಿಲ್ಲ!" ಎಂದು ಗದರುತ್ತಿದ್ದಳು. ಅಪ್ಪ ನಗಲಿಲ್ಲ.

"ಹಲಗೆ ತುದಿ ಸೇರೋ ಜೋಡಣೆಯೆಲ್ಲ ಒಂದೇ ನೇರಕ್ಕೆ ಬಂದಿದೆಯಲ್ಲೇ! ಮೊದಲ ಅಲೆಗೇ ಹಡಗು ಬಾಯಿ ಬಿಡುತ್ತೆ, ಎಲ್ಲರೂ ಮುಳುಗ್ತಾರೆ."

"ಅಪ್ಪಾ, ಇದು ತಮಾಷೆ ಪುಸ್ತಕ!"

"ತಮಾಷೆ ಆನೇದು ಕಣೇ. ಹಡಗು ತೇಲಲೇಬೇಕು."

ಮುನಿಸಿಕೊಂಡೇ ಅವಳು ಅಪ್ಪನ ಕೆಲಸದ ಕೋಣೆಯಲ್ಲಿ ಕೂತು, ಒಂದು ಜೋಡಣೆಯ ಮೇಲೆ ಇನ್ನೊಂದು ಬಾರದಂತೆ ಪ್ರತಿ ಹಲಗೆಯನ್ನೂ ಮತ್ತೆ ಬರೆದಳು. ಸುಮ್ಮನಿರಲಾರದೆ ಅಪ್ಪ ಸದಾ ಕಿವಿಗೆ ಸಿಕ್ಕಿಸಿಕೊಳ್ಳುವಂಥದೇ ಒಂದು ಮೊಂಡು ಪೆನ್ಸಿಲ್ಲನ್ನು ನೋಹನ ಕಿವಿಗೂ ಸಿಕ್ಕಿಸಿದಳು.

ಪುಸ್ತಕ ಬಂದ ದಿನ ಅಪ್ಪ ಆ ಪುಟದ ಮೇಲೆ ಸ್ಕೇಲ್ ಇಟ್ಟು ನೋಡಿದರು. ಪೆನ್ಸಿಲ್ ಕಂಡು ತಮ್ಮ ಕಿವಿ ಮುಟ್ಟಿಕೊಂಡರು. ಆಮೇಲೆ ಬಾಗಿಲು ಮಾಡಿಸಲು ಬಂದವರನ್ನು ಹಿಡಿದು ಕೂರಿಸಿದರು.

"ಬಾಗಿಲು ಎಲ್ಲಿಗೆ ಹೋಗುತ್ತೆ ಬಿಡಿ, ಮೊದಲು ಈ ಹಡಗು ನೋಡಿ. ನಮ್ಮನೇಲಿ ಈಗ ಇಬ್ಬರು ಬಡಗಿಗಳು!"