ನಾಲ್ಕನೆಯ ವರ್ಷದ ಶುಲ್ಕ

ಸ್ಮಶಾನದ ಗೇಟಿನ ಎದುರಿಗೇ ನನ್ನ ಅಂಗಡಿ. ಮೇಣದ ಬತ್ತಿ, ದೀಪದ ಎಣ್ಣೆ, ಸೇವಂತಿಗೆ, ಗೋರಿಕಲ್ಲು ಉಜ್ಜುವ ಬ್ರಷ್ಷು, ಹೀಗೆ ಸತ್ತವರಿಗೆ ಬೇಕಾದದ್ದೆಲ್ಲ ಇಟ್ಟಿದ್ದೇನೆ. ಬದುಕಿರುವವರು ಕೇಳುವುದು ಕಾಫಿಯೊಂದನ್ನೇ. ಅದನ್ನೂ ಮಾಡಿಕೊಡುತ್ತೇನೆ. ಕಾಫಿ ಕುಡಿಯುವವರು ಮಾತಾಡುತ್ತಾರೆ, ನಾನು ಕೇಳುತ್ತೇನೆ.

ನಮ್ಮದು ದ್ವೀಪದ ಬಂದರು ಊರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಆಲಿವ್ ತೋಪು, ನಡುವೆ ಒತ್ತಿಕೊಂಡಂತೆ ಸ್ಮಶಾನ. ಹಣವಿದ್ದ ನಾಲ್ಕಾರು ಮನೆಯವರಿಗೆ ಸ್ವಂತ ಗೋರಿಗಳಿವೆ. ಉಳಿದವರಿಗೆಲ್ಲ ಪುರಸಭೆ ಕೊಡುವುದು ಮೂರು ವರ್ಷದ ಜಾಗ. ಮೂರು ತುಂಬಿದ ಮೇಲೆ ಗೋರಿ ತೆರೆದು, ಎಲುಬುಗಳನ್ನು ಎತ್ತಿ, ಕೆಂಪು ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಅಸ್ಥಿಮನೆಯ ಕಪಾಟಿಗೆ ಸೇರಿಸುತ್ತೇವೆ. ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ನಾಲ್ಕನೆಯ ವರ್ಷವೂ ಮಣ್ಣಿನಲ್ಲೇ ಇರಲಿ ಎನ್ನುವವರು ಶುಲ್ಕ ಕಟ್ಟಬೇಕು.

ಪೊಲಿಕ್ಸೆನಿಯ ಮಗ ಇಗ್ನಾತಿಸ್ ಮಲಗಿದ್ದದ್ದು ಕೆಳಗಿನ ಸಾಲಿನಲ್ಲಿ, ಸಮುದ್ರದ ಕಡೆಯ ಗೋಡೆಯ ಪಕ್ಕ. ಪೊಲಿಕ್ಸೆನಿ ಮತ್ತು ನಾನು ಮದುವೆಗೆ ಮುಂಚೆ ಮೀನಿಗೆ ಉಪ್ಪು ಹಾಕುವ ಕಾರ್ಖಾನೆಯಲ್ಲಿ ಒಂದೇ ಮೇಜಿನಲ್ಲಿ ನಿಂತು ಸಾರ್ಡೀನಿನ ತಲೆ ಕಿತ್ತವರು. ಅವಳ ಗಂಡ ಥ್ರಾಸೊ ದೋಣಿ ಕಟ್ಟುವ ಬಡಗಿ. ಒಬ್ಬನೇ ಮಗ. ಆ ಮಗನಿಗಾಗಿ ಅಪ್ಪ ತನ್ನ ಕೈಯಾರೆ ಒಂದು ಮರದ ದೋಣಿ ಕಟ್ಟಿಕೊಟ್ಟಿದ್ದ. ಮೀನು ಕಡಿಮೆಯಾಯಿತೆಂದು, ದೋಣಿ ಒಡೆಸಿದವರಿಗೆ ಸರ್ಕಾರ ಪರಿಹಾರ ಕೊಡತೊಡಗಿದಾಗ ಇಗ್ನಾತಿಸ್ ಅಪ್ಪನಿಗೆ ಹೇಳದೆ ಕಾಗದಕ್ಕೆ ರುಜು ಹಾಕಿಬಿಟ್ಟ. ಬಂದರಿನ ಕಟ್ಟೆಯ ಮೇಲೆ ಜೆಸಿಬಿ ಆ ದೋಣಿಯ ಬೆನ್ನು ಮುರಿಯುತ್ತಿದ್ದಾಗ ಥ್ರಾಸೊ ಓಡಿ ಬಂದ. ಊರಿನ ಅರ್ಧ ಜನ ಅಲ್ಲಿದ್ದರು. ಎಲ್ಲರೆದುರು ಮಗನ ಕಡೆ ಬೊಟ್ಟು ಮಾಡಿ, "ನಿನ್ನ ಹೆಣಾನ ಮಣ್ಣೂ ಕರಗಿಸದೆ ಹೋಗ್ಲಿ!" ಎಂದ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಶಾಪವಿಲ್ಲ. ಹೆತ್ತವರ ಬಾಯಿಂದ ಬಂದರಂತೂ ತಟ್ಟಿಯೇ ತಟ್ಟುತ್ತದೆ ಎನ್ನುತ್ತಾರೆ. ಅದೇ ಶರತ್ಕಾಲದ ಮೊದಲ ಮಳೆಗೆ ಇಗ್ನಾತಿಸ್‌ನ ಸ್ಕೂಟರು ಜಾರಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟ. ಅಪ್ಪ ಮಗ ಮತ್ತೆ ಮಾತಾಡಿರಲಿಲ್ಲ.

ಅವತ್ತಿನಿಂದ ಥ್ರಾಸೊ ಉಳಿ ಮುಟ್ಟಲಿಲ್ಲ. ಬೆಳಿಗ್ಗೆ ಬಂದರಿನ ಕಾಫಿ ಅಂಗಡಿ, ಸಂಜೆ ಸ್ಮಶಾನ. ಶಾಪದ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮೂರು ವರ್ಷ ತುಂಬಲು ಇನ್ನೇನು ಕೆಲವು ವಾರಗಳಿದ್ದಾಗ ಅವನು ಅಂಗಡಿಗೆ ಬಂದು ಕೋಟಿನೊಳಗಿಂದ ಒಂದು ಬಾಟಲಿ ತೆಗೆದ. ಒಳ್ಳೆಯ ಕೆಂಪು ವೈನು, ಲೆಮ್ನೊಸ್ ದ್ವೀಪದ್ದು.

"ಮಿರ್ಸಿನಿ, ಇದನ್ನ ಕೌಂಟರ್ ಕೆಳಗೆ ಇಟ್ಕೊ. ಹುಡುಗನ್ನ ಎತ್ತೋ ದಿನಕ್ಕೆ."

"ಮನೇಲೇ ಇಟ್ಕೊಳ್ಳೋದಲ್ವೇನೋ? ನಾನು ಕುಡಿದುಬಿಟ್ರೆ?"

"ನೀನು ಕುಡಿದ್ರೆ ಇನ್ನೊಂದು ತರ್ತೀನಿ. ಅವಳು ನೋಡಿದ್ರೆ ಅಳ್ತಾಳೆ." ಹೋಗುವವನು ಬಾಗಿಲಲ್ಲಿ ನಿಂತ. "ನೋಡ್ಬೇಕು ಕಣೆ ನಂಗೆ. ಹೆಂಗಿದ್ರೂ ಸರಿ, ನೋಡಿಬಿಡ್ಬೇಕು."

ಆದರೆ ಪೊಲಿಕ್ಸೆನಿ ಆಗಲೇ ಬೇರೆ ದಾರಿ ಹಿಡಿದಿದ್ದಳು. ಸ್ಮಶಾನ ತುಂಬುತ್ತಿದೆಯೆಂದು ಪುರಸಭೆ ಹೊಸ ದರ ಹಾಕಲು ಹೊರಟಿತ್ತು. ನಾಲ್ಕನೆಯ ವರ್ಷಕ್ಕೆ ಮುನ್ನೂರು ಯುರೋ, ಐದನೆಯದಕ್ಕೆ ಅದರ ಎರಡರಷ್ಟು, ಆರನೆಯದಕ್ಕೆ ಮತ್ತೆ ಎರಡರಷ್ಟು. ಅದರ ವಿರುದ್ಧ ಅವಳು ಕೆಳಗಿನ ಸಾಲಿನಲ್ಲಿ ತಮ್ಮವರನ್ನು ಮಲಗಿಸಿದ್ದ ಹೆಂಗಸರನ್ನೆಲ್ಲ ಕೂಡಿಸಿದಳು. ನಾನು ಅವಳನ್ನು ಪಕ್ಕಕ್ಕೆ ಕರೆದು ಬಾಟಲಿ ತೋರಿಸಿದೆ.

"ನಿನ್ನ ಗಂಡ ತಂದಿಟ್ಟಿದಾನೆ. ಅವನಿಗೆ ಗೋರಿ ತೆರೀಬೇಕಂತೆ. ಒಂದು ಮಾತು ಕೇಳೆ ಅವನ್ನ."

ಅವಳು ಬಾಟಲಿಯನ್ನು ಕೌಂಟರಿನ ಕೆಳಗೆ ವಾಪಸು ತಳ್ಳಿದಳು. "ಅವನು ಎಲ್ರ ಮುಂದೆ ಗಂಡಸೇ. ನಿದ್ದೇಲಿ ಏನ್ ಬಡಬಡಿಸ್ತಾನೆ ಅಂತ ನೀನು ಕೇಳಿದೀಯಾ? ತೆರೆದಾಗ ಹುಡುಗ ಹಾಗೇ ಇದ್ರೆ, ಕರಗದೇ ಇದ್ರೆ? ಅಲ್ಲೇ ಅದೇ ಗುಂಡಿಗೆ ಬಿದ್ದು ಸಾಯ್ತಾನೆ ಕಣೆ ನನ್ನ ಗಂಡ. ಪುರಸಭೆಯೋರು ಮಣ್ಣಿಗೆ ಇನ್ನೂ ಸ್ವಲ್ಪ ಸಮಯ ಕೊಡ್ಲಿ ಸಾಕು. ಮಣ್ಣು ಅದರ ಕೆಲಸ ಮುಗಿಸ್ಲಿ."

ಹೆಂಡತಿಯ ಜೊತೆ ಮಾತಾಡು ಎಂದು ಥ್ರಾಸೊಗೂ ಹೇಳಿನೋಡಿದೆ. ಅವನು ಟೋಪಿ ಕೈಯಲ್ಲಿ ತಿರುಗಿಸುತ್ತ, "ಹೆತ್ತೋಳು ಅವಳು. ಎತ್ತೋದು ಬೇಡ ಅಂದ್ರೆ ಬೇಡ. ನಾನು ಬಾಯಿ ಬಿಟ್ಟಿದ್ದೇ ಒಂದ್ಸಲ, ಅದೇ ಸಾಕು," ಎಂದು ಎದ್ದು ಹೋದ.

ಪುರಸಭೆಯ ಸಭೆಗೆ ನಾನೂ ಹೋಗಿದ್ದೆ. ದರದ ಕಡತ ಹಿಡಿದು ನಿಂತವನು ಉಪಮೇಯರ್ ಅರಿಸ್ತಾರ್ಕೊಸ್. ಬಂದರಿನಲ್ಲಿ ಔಷಧಿ ಅಂಗಡಿ ಇಟ್ಟಿರುವ ಸಭ್ಯ ಹುಡುಗ. ಹುಡುಗ ಅಂದರೆ ನಲವತ್ತು ದಾಟಿದವನೇ, ನಮಗೆ ಹುಡುಗ.

"ಪೊಲಿಕ್ಸೆನಿ ಚಿಕ್ಕಮ್ಮ, ಈ ಶುಲ್ಕ ಖಜಾನೆ ತುಂಬೋಕಲ್ಲ," ಎಂದ. "ಯಾರೂ ಕಟ್ಟಬಾರದು ಅಂತಲೇ ಇಷ್ಟು ಇಟ್ಟಿರೋದು."

"ಕಟ್ಟಬಾರದ ಶುಲ್ಕವಂತೆ, ಕೇಳ್ರೇ!" ಪೊಲಿಕ್ಸೆನಿ ಎದ್ದು ನಿಂತಳು. ಕಾರ್ಖಾನೆಯ ಯಂತ್ರದ ಸದ್ದಿನ ಮೇಲೆ ಕೂಗಿ ಕಲಿತ ಗಂಟಲು ಅವಳದು. "ನಿನ್ನ ಅಂಗಡೀಲೂ ಹಿಂಗೇನಾ? ಯಾರೂ ಕೊಳ್ಳಬಾರದು ಅಂತ ಮಾತ್ರೆಗೆ ರೇಟು ಹಾಕ್ತೀಯಾ?"

ಸಭೆ ನಕ್ಕಿತು. ಅವನೂ ಅರ್ಧ ನಕ್ಕ. "ಚಿಕ್ಕಮ್ಮ, ಜಾಗ ಕೈ ಬದಲಾಗ್ಬೇಕು. ಇಲ್ಲಾಂದ್ರೆ ನಾಳೆ ಸತ್ತೋರನ್ನ ಎಲ್ಲಿಡೋಣ?"

"ಆ ಕುರ್ಚಿಗಳ ಮೇಲೆ ಕೂರ್ಸಪ್ಪ. ಈಗ ಕೂತಿರೋರಿಗಿಂತ ಜಾಸ್ತಿ ಕೆಲಸ ಮಾಡ್ತಾರೆ."

ಈ ಸಲ ಮೇಯರೂ ನಕ್ಕ. ಆಮೇಲೆ ಅವಳ ದನಿ ಬದಲಾಯಿತು. "ನಾವೇನು ಮನೆ ಕೇಳ್ತಿದೀವಾ? ಮಲಗಿರೋ ಮಕ್ಕಳನ್ನ ಎಬ್ಬಿಸ್ಬೇಡಿ ಅಂತಿದೀವಿ, ಅಷ್ಟೇ." ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಶರತ್ಕಾಲಕ್ಕೆ ಚುನಾವಣೆ ಇತ್ತು, ಕೂತಿದ್ದ ಹೆಂಗಸರಿಗೆಲ್ಲ ಮತ ಇತ್ತು. ವರ್ಷಕ್ಕೆ ಮೂವತ್ತು ಯುರೋ, ಎಷ್ಟು ವರ್ಷವಾದರೂ ಅಷ್ಟೇ ಎಂದು ತೀರ್ಮಾನವಾಯಿತು. ಕೈಗಳು ಒಂದೊಂದಾಗಿ ಮೇಲೆದ್ದವು. ಕೊನೆಗೆ ಅರಿಸ್ತಾರ್ಕೊಸ್‌ನ ಕೈಯೂ.

ಹೊರಗೆ ಬಂದಾಗ ಹೆಂಗಸರು ಪೊಲಿಕ್ಸೆನಿಯನ್ನು ತಬ್ಬಿಕೊಂಡರು. ಥ್ರಾಸೊ ಎದುರಿನ ಕಟ್ಟೆಯ ಮೇಲೆ ಕಾಯುತ್ತಿದ್ದ. "ಗೆದ್ದೆ ಕಣೋ," ಎಂದಳು. "ಒಳ್ಳೇದಾಯ್ತು," ಎಂದ ಅವನು. ಇಬ್ಬರೂ ತೋಳು ಹಿಡಿದುಕೊಂಡು ಮನೆಗೆ ಹೋದರು.

ಆಮೇಲೆ ಎರಡು ವರ್ಷ ನಮ್ಮೂರಲ್ಲಿ ಯಾರೂ ಯಾರನ್ನೂ ಎತ್ತಲಿಲ್ಲ. ಮೂವತ್ತು ಯುರೋ ಕಟ್ಟಿದರೆ ಮುಗಿಯಿತು ಎಂದಮೇಲೆ ಯಾರು ಎತ್ತುತ್ತಾರೆ? ಅಜ್ಜಿಯನ್ನು ನೆನೆದು ವರ್ಷಕ್ಕೊಮ್ಮೆಯೂ ಬರದವರು ಸಹ ಕಟ್ಟಿ ಮುಂದಕ್ಕೆ ಹಾಕಿದರು. ನನ್ನ ಬತ್ತಿ ವ್ಯಾಪಾರಕ್ಕೇನೋ ಒಳ್ಳೆಯದೇ ಆಯಿತು. ಆದರೆ ಗೋರಿ ಅಗೆಯುವ ಪ್ರೊಕೊಪಿಸ್ ಕಾಫಿಗೆ ಬಂದಾಗಲೆಲ್ಲ ತಲೆಯಲ್ಲಾಡಿಸುತ್ತಿದ್ದ. "ದಾರಿ ಬದೀಲೂ ಅಗೆದಾಯ್ತು ಮಿರ್ಸಿನಿ. ಇನ್ನು ಸಾಯೋರು ನನ್ನನ್ನ ಕೇಳ್ಕೊಂಡು ಸಾಯ್ಬೇಕು." ಮೊದಮೊದಲು ನಗುತ್ತಿದ್ದೆವು. ಆಮೇಲೆ ಶಾಲೆಯ ಮುದಿ ಮೇಷ್ಟ್ರು ತೀರಿಕೊಂಡಾಗ ಬೆಟ್ಟದಾಚೆಯ ಹಳ್ಳಿಗೆ ಒಯ್ಯಬೇಕಾಯಿತು. ನಗು ನಿಂತಿತು.

ಥ್ರಾಸೊ ಸಂಜೆ ಬರುವುದು ಬಿಡಲಿಲ್ಲ. ಕೆಲವೊಮ್ಮೆ ಕೌಂಟರಿನ ಕೆಳಗೆ ಬಗ್ಗಿ ನೋಡಿ, "ಇದೆಯಾ?" ಎನ್ನುತ್ತಿದ್ದ. "ಇದೆ," ಎನ್ನುತ್ತಿದ್ದೆ. ಅಷ್ಟೇ. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟ.

ಜನವರಿಯ ಒಂದು ಬೆಳಿಗ್ಗೆ ಬಂದರಿನ ಕಾಫಿ ಅಂಗಡಿಯಲ್ಲಿ ದಾಳ ಉರುಳಿಸಿ ಕೈ ಹಾಗೇ ಮೇಜಿನ ಮೇಲಿಟ್ಟವನು ಮತ್ತೆ ಎತ್ತಲಿಲ್ಲ. ಎದುರಿಗೆ ಕೂತವನು ಅವನ ಆಟಕ್ಕೆ ಕಾದೇ ಕಾದನಂತೆ.

ಮಧ್ಯಾಹ್ನದ ಹೊತ್ತಿಗೆ ಪ್ರೊಕೊಪಿಸ್ ಟೋಪಿ ಕಳಚಿಕೊಂಡು ಅವರ ಮನೆ ಬಾಗಿಲಿಗೆ ಬಂದ. ಅವನ ಹಿಂದೆ ಅರಿಸ್ತಾರ್ಕೊಸ್. ನಾನು ಪೊಲಿಕ್ಸೆನಿಯ ಪಕ್ಕದಲ್ಲಿದ್ದೆ.

"ಜಾಗ ಇಲ್ಲ," ಎಂದು ಅವಳೇ ಹೇಳಿದಳು.

"ಬೆಟ್ಟದಾಚೆ ಮಾತಾಡಿದೀನಿ ಚಿಕ್ಕಮ್ಮ," ಎಂದ ಅರಿಸ್ತಾರ್ಕೊಸ್. "ಹೊರಗಿನವರಿಗೆ ಅಲ್ಲಿ ಶುಲ್ಕ ಜಾಸ್ತಿ. ಪುರಸಭೇನೇ ಕಟ್ಟತ್ತೆ. ನೀವು ಚಿಂತೆ ಮಾಡ್ಬೇಡಿ."

"ಥ್ರಾಸೊ ಬೆಟ್ಟದಾಚೆ? ಅಲ್ಲಿಂದ ಸಮುದ್ರ ಕಾಣತ್ತೇನೋ?" ಅವನು ತಲೆ ತಗ್ಗಿಸಿದ. "ಹೇಳೋ. ಅವತ್ತೇ ಹೇಳಿದ್ದೆ ಅಂತ ಹೇಳಿಬಿಡು, ಕೇಳಿಸ್ಕೋತೀನಿ."

"ಏನಂತ ಹೇಳ್ಲಿ ಚಿಕ್ಕಮ್ಮ? ಕೈ ಎತ್ತಿದೋರಲ್ಲಿ ನಾನೂ ಒಬ್ಬ."

ಅವಳು ಒಳಗಿನ ಕೋಣೆಯ ಕಡೆ ತಿರುಗಿದಳು. ಒಳಗೆ ಹೆಂಗಸರು ಥ್ರಾಸೊಗೆ ಕರಿ ಕೋಟು ತೊಡಿಸುತ್ತಿದ್ದರು. ಉಳಿದಿದ್ದ ದಾರಿ ಒಂದೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದನ್ನು ಹೇಳಬೇಕಾದವಳು ಅವಳು.

"ಹುಡುಗನ್ನ ಎತ್ತು ಪ್ರೊಕೊಪಿಸ್," ಎಂದಳು. "ಅಪ್ಪನ್ನ ಅಲ್ಲೇ ಮಲಗ್ಸೋಣ."

ಮರುದಿನ ಬೆಳಿಗ್ಗೆ ಸಮುದ್ರದ ಗಾಳಿ ಜೋರಾಗಿತ್ತು. ಪಾದ್ರಿ ಮಂತ್ರ ಹೇಳಿದರು. ನಾನು ಬಿಳಿ ಬಟ್ಟೆ ಹಾಸಿ, ತಾಮ್ರದ ಬೋಗುಣಿ ಇಟ್ಟು, ಬಾಟಲಿ ತಂದಿದ್ದೆ. ಪೊಲಿಕ್ಸೆನಿ ಗೋಡೆಯ ಕಡೆ ಮುಖ ಮಾಡಿ ನಿಂತಳು. "ಅವನು ಹಾಗೇ ಇದ್ರೆ ನಂಗೆ ಹೇಳ್ಬೇಡಿ. ಮುಚ್ಚಿಬಿಡಿ. ಥ್ರಾಸೊನ ಬೆಟ್ಟದಾಚೆಗೆ ಒಯ್ಯೋಣ." ಗುದ್ದಲಿಯ ಸದ್ದು ಕೇಳುತ್ತಿತ್ತು, ಆಮೇಲೆ ಕೈಯಿಂದ ಮಣ್ಣು ಸರಿಸುವ ಸದ್ದು. ಅದೂ ನಿಂತಿತು.

"ಅಕ್ಕಾ," ಎಂದ ಪ್ರೊಕೊಪಿಸ್ ಗುಂಡಿಯೊಳಗಿನಿಂದ. "ತಿರುಗಿ. ಭಯ ಬೇಡ. ತಿರುಗಿ ನೋಡಿ."

ಅವನ ಎರಡು ಅಂಗೈಗಳಲ್ಲಿ ಇಗ್ನಾತಿಸ್‌ನ ತಲೆಬುರುಡೆಯಿತ್ತು. ಜೇನುಮೇಣದ ಬಣ್ಣ, ಎಳ್ಳಷ್ಟೂ ಕೊಳಕಿಲ್ಲ. ಶಾಂತಿಯಿಂದ ಹೋದವರ ಎಲುಬು ಹೀಗಿರುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಪೊಲಿಕ್ಸೆನಿ ಮಣ್ಣಿನಲ್ಲಿ ಕುಸಿದು ಕೂತು ಅದನ್ನು ಮಡಿಲಿಗೆ ತೆಗೆದುಕೊಂಡಳು. ಮೊದಲು ಅಳಲೇ ಇಲ್ಲ. ಹುಬ್ಬಿನ ಮೂಳೆಯ ಮೇಲೆ ಹೆಬ್ಬೆರಳು ಆಡಿಸುತ್ತ, "ನನ್ನ ಕಂದ, ನನ್ನ ಕಂದ, ಎಷ್ಟು ಹಗುರ ಆಗಿದೀಯ," ಎಂದಳು. ಆಮೇಲೆ ಪ್ರೊಕೊಪಿಸ್‌ನ ಕಡೆ ನೋಡಿದಳು.

"ಯಾವಾಗಿಂದ ಹಿಂಗಿದಾನೆ?"

ನಾನು ಕಣ್ಣು ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡಿದ್ದ ಪಾಪ. "ಈ ಗೋಡೆ ಪಕ್ಕ ಪೂರಾ ಮರಳು, ಅಕ್ಕಾ. ಎರಡು ವರ್ಷ ಸಾಕು ಇಲ್ಲಿ. ಮೂರನೇ ವರ್ಷಕ್ಕೇ ಹಿಂಗೇ ಇದ್ದಿರ್ತಾನೆ."

ಆಗ ಅವಳಿಂದ ಹೊರಟ ದನಿಯನ್ನು ನಾನು ಬರೆಯಲಾರೆ. ಗೇಟಿನಾಚೆ ಕಾಯುತ್ತಿದ್ದವರು ಶಿಲುಬೆಯ ಗುರುತು ಮಾಡಿಕೊಂಡರಂತೆ, ಶಾಪ ತಟ್ಟಿಯೇ ಬಿಟ್ಟಿತು ಎಂದುಕೊಂಡು.

ವೈನನ್ನು ನಾನು ಸುರಿದೆ. ತೊಳೆದದ್ದು ಅವಳೇ. ಒಂದೊಂದು ಎಲುಬನ್ನೂ, ಮಗುವಿಗೆ ಮೊದಲ ಸ್ನಾನ ಮಾಡಿಸುವವಳಂತೆ. ಕಾಲುಭಾಗ ಉಳಿಸಿ ಬಾಟಲಿಗೆ ಬಿರಡೆ ಹಾಕು ಎಂದಳು.

ಮಧ್ಯಾಹ್ನ ಥ್ರಾಸೊನನ್ನು ತಂದರು. ಮುಚ್ಚಳ ಹಾಕುವ ಮುಂಚೆ ಕೊನೆಯ ಮುತ್ತು ಕೊಡುವುದು ಪದ್ಧತಿ. ಪೊಲಿಕ್ಸೆನಿ ಬಗ್ಗಿದವಳು ಏಳಲಿಲ್ಲ. ಅವನ ಕಿವಿಗೆ ಬಾಯಿ ಹಚ್ಚಿ ಹೇಳುತ್ತಿದ್ದುದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

"ಕರಗಿದಾನೆ ಥ್ರಾಸೊ. ಚೆನ್ನಾಗಿ ಕರಗಿದಾನೆ ಕಣೋ. ಮೇಣದ ಹಂಗೆ ಇದಾನೆ. ನಿನ್ನ ಮಾತು ತಟ್ಟಿಲ್ಲ. ಕೇಳಿಸ್ತಾ? ತಟ್ಟಿಲ್ಲ."

ಪಾದ್ರಿ ಕೆಮ್ಮಿದರು. ಗಾಳಿಗೆ ಬತ್ತಿಗಳು ಆರುತ್ತಿದ್ದವು. ಅವಳು ಮತ್ತೆ ಮೊದಲಿನಿಂದ ಹೇಳತೊಡಗಿದಳು, ಸ್ವಲ್ಪ ಗಟ್ಟಿಯಾಗಿ, ಕಾರ್ಖಾನೆಯ ಸದ್ದಿನ ಮೇಲೆ ಹೇಳುವವಳಂತೆ. ಕೊನೆಗೆ ನಾನೇ ಭುಜ ಹಿಡಿದು ಎಬ್ಬಿಸಬೇಕಾಯಿತು. ಉಳಿದ ವೈನನ್ನು ಅವಳು ಅವನ ಶವಪೆಟ್ಟಿಗೆಯ ಮೇಲೆ ಸುರಿದಳು.

ವಸಂತದಲ್ಲಿ ಶುಲ್ಕ ಮತ್ತೆ ಸಭೆಗೆ ಬಂತು. ಹಳೆಯ ಅಂಕಿಗಳೇ, ಮುನ್ನೂರು, ಆರುನೂರು. ಹೆಂಗಸರು ಪೊಲಿಕ್ಸೆನಿಯ ಕಡೆ ನೋಡಿದರು. ಅವಳು ಮುಂದಿನ ಸಾಲಿನಲ್ಲಿ ಕರಿ ಬಟ್ಟೆಯಲ್ಲಿ, ಮಡಿಲಲ್ಲಿ ಕೈ ಕಟ್ಟಿ ಕೂತಿದ್ದಳು, ಬಾಯಿ ತೆರೆಯಲಿಲ್ಲ. ದರ ಪಾಸಾಯಿತು. ಮನೆಗೆ ಹೋಗುವಾಗ ನನ್ನ ಅಂಗಡಿಗೆ ಬಂದಳು. ಚೀಲದಿಂದ ಒಂದು ಬಾಟಲಿ ತೆಗೆದು ಕೌಂಟರಿನ ಮೇಲಿಟ್ಟಳು.

"ಮೂರು ವರ್ಷಕ್ಕೆ," ಎಂದಳು. "ಒಂದು ದಿನ ಜಾಸ್ತಿ ಬೇಡ."